ಮಲೇರಿಯಾ ಪರಾವಲಂಬಿಗಳ ಆನುವಂಶಿಕ ವೈವಿಧ್ಯ ಮತ್ತು ಔಷಧ ಪ್ರತಿರೋಧ

ಮಲೇರಿಯಾ ಪರಾವಲಂಬಿಗಳ ಆನುವಂಶಿಕ ವೈವಿಧ್ಯ ಎಂದರೆ ಮಲೇರಿಯಾ ರೋಗಕ್ಕೆ ಕಾರಣವಾದ ಪ್ಲಾಸ್ಮೋಡಿಯಂ ಕುಲದ ಏಕಕೋಶ ಜೀವಿಗಳಲ್ಲಿ, ಒಂದೇ ಪ್ರಭೇದದ ಒಳಗೆ ಕಂಡುಬರುವ ವಂಶವಾಹಿಗಳ ವ್ಯತ್ಯಾಸ. ಔಷಧ ಪ್ರತಿರೋಧ ಎಂದರೆ ತಕ್ಕ ಪ್ರಮಾಣದ ಔಷಧವು ರೋಗಿಯ ರಕ್ತವನ್ನು ಸೇರಿದ ಮೇಲೂ ಬದುಕುಳಿದು ವೃದ್ಧಿಯಾಗುವ ಪರಾವಲಂಬಿಯ ಸಾಮರ್ಥ್ಯ. ಇದು ಪರಾವಲಂಬಿಯ ಗುಣವೇ ಹೊರತು ರೋಗಿಯ ದೇಹದ ಗುಣವಲ್ಲ. ವೈವಿಧ್ಯವಿಲ್ಲದಿದ್ದರೆ ಪ್ರತಿರೋಧ ಹುಟ್ಟುತ್ತಿರಲಿಲ್ಲ. ಪ್ರತಿರೋಧವು ಹರಡಿದಾಗ ವೈವಿಧ್ಯದ ಸ್ವರೂಪವೇ ಬದಲಾಗುತ್ತದೆ. ಆದ್ದರಿಂದ ಈ ಎರಡು ವಿಷಯಗಳನ್ನು ಒಟ್ಟಿಗೆ ಅಧ್ಯಯನ ಮಾಡಲಾಗುತ್ತದೆ.

ಈ ಅಧ್ಯಯನಗಳಿಂದ ತಿಳಿದುಬಂದ ಮುಖ್ಯ ಸಂಗತಿಯೆಂದರೆ, ಹಳೆಯ ಪ್ರಮುಖ ಔಷಧಗಳಿಗೆ ಪ್ರತಿರೋಧವು ಪ್ರತಿ ಊರಿನಲ್ಲಿಯೂ ಹೊಸದಾಗಿ ಹುಟ್ಟಲಿಲ್ಲ. ಬೆರಳೆಣಿಕೆಯ ಸ್ಥಳಗಳಲ್ಲಿ ಹುಟ್ಟಿದ ಕೆಲವೇ ವಂಶಗಳು ಗಡಿಗಳನ್ನು ದಾಟಿ ಖಂಡಗಳಲ್ಲಿ ಹಬ್ಬಿದವು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಾದ್ಯಂತ ಸುಮಾರು 26.3 ಕೋಟಿ ಮಲೇರಿಯಾ ಪ್ರಕರಣಗಳೂ 5.97 ಲಕ್ಷ ಸಾವುಗಳೂ ಸಂಭವಿಸಿದವು. ಸಾವುಗಳಲ್ಲಿ ಸುಮಾರು 95 ಶೇಕಡಾ ಆಫ್ರಿಕ ಪ್ರದೇಶದವು. ಅಲ್ಲಿ ಸತ್ತವರಲ್ಲಿ ಮುಕ್ಕಾಲು ಪಾಲು ಐದು ವರ್ಷದೊಳಗಿನ ಮಕ್ಕಳು. ಈ ಮಕ್ಕಳ ಚಿಕಿತ್ಸೆಯು ಇಂದು ಬಹುಮಟ್ಟಿಗೆ ಆರ್ಟೆಮಿಸಿನಿನ್ ಎಂಬ ಒಂದೇ ಔಷಧ ವರ್ಗವನ್ನು ನೆಚ್ಚಿಕೊಂಡಿರುವುದರಿಂದ, ಅದಕ್ಕೆ ಪ್ರತಿರೋಧ ಹುಟ್ಟುವುದು ಬಹಳ ಗಂಭೀರವಾದ ವಿಷಯವಾಗಿದೆ.

ಪರಾವಲಂಬಿ ಮತ್ತು ಅದರ ಜೀವನಚಕ್ರ

ಮಲೇರಿಯಾದ ಪರಾವಲಂಬಿಯನ್ನು ಫ್ರಾನ್ಸಿನ ಸೇನಾ ವೈದ್ಯ ಅಲ್ಫೋನ್ಸ್ ಲಾವೆರಾನ್ 1880ರಲ್ಲಿ ಅಲ್ಜೀರಿಯಾದಲ್ಲಿ ರೋಗಿಯ ರಕ್ತದಲ್ಲಿ ಗುರುತಿಸಿದನು. ಸೊಳ್ಳೆಯ ದೇಹದಲ್ಲಿ ಅದು ಬೆಳೆಯುವುದನ್ನು ರೊನಾಲ್ಡ್ ರಾಸ್ 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದನು. ಮನುಷ್ಯರಲ್ಲಿ ರೋಗ ತರುವ ಮುಖ್ಯ ಪ್ರಭೇದಗಳು ಐದು: ಫಾಲ್ಸಿಪ್ಯಾರಮ್, ವೈವಾಕ್ಸ್, ಓವೇಲ್, ಮಲೇರಿಯೆ ಮತ್ತು ನೋಲೆಸಿ. ಇವುಗಳಲ್ಲಿ ಹೆಚ್ಚು ಸಾವಿಗೆ ಕಾರಣವಾಗುವುದು ಫಾಲ್ಸಿಪ್ಯಾರಮ್. ಆಫ್ರಿಕದ ಹೊರಗೆ ವಿಶಾಲವಾಗಿ ಹರಡಿರುವುದು ವೈವಾಕ್ಸ್.

ಸೋಂಕು ತಗುಲಿದ ಹೆಣ್ಣು ಅನಾಫಿಲಿಸ್ ಸೊಳ್ಳೆಯು ಕಚ್ಚಿದಾಗ ಪರಾವಲಂಬಿಗಳು ಮನುಷ್ಯನ ದೇಹವನ್ನು ಸೇರಿ ಮೊದಲು ಯಕೃತ್ತಿನಲ್ಲಿ ವೃದ್ಧಿಯಾಗುತ್ತವೆ. ಅನಂತರ ರಕ್ತಕ್ಕೆ ಬಂದು ಕೆಂಪು ರಕ್ತಕಣಗಳನ್ನು ಹೊಕ್ಕು, ಅಲ್ಲಿನ ಹಿಮೋಗ್ಲೋಬಿನ್ನನ್ನು ತಿಂದು ಬೆಳೆದು, ಕಣವನ್ನು ಒಡೆದು ಹೊರಬರುತ್ತವೆ. ಫಾಲ್ಸಿಪ್ಯಾರಮ್‌ನಲ್ಲಿ ಈ ಆವೃತ್ತಿಗೆ ಸುಮಾರು 48 ಗಂಟೆ ಹಿಡಿಯುತ್ತದೆ. ಕೆಲವು ಪರಾವಲಂಬಿಗಳು ಗಂಡು ಮತ್ತು ಹೆಣ್ಣು ಲಿಂಗರೂಪಗಳಾಗಿ ಮಾರ್ಪಡುತ್ತವೆ. ಇವನ್ನು ಮತ್ತೊಂದು ಸೊಳ್ಳೆ ರಕ್ತದೊಂದಿಗೆ ಹೀರಿದಾಗ ಅದರ ಹೊಟ್ಟೆಯಲ್ಲಿ ಗಂಡು ಹೆಣ್ಣು ಕೂಡಿ ಹೊಸ ಪೀಳಿಗೆ ಹುಟ್ಟುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮನುಷ್ಯನ ದೇಹದಲ್ಲಿರುವಾಗ ಪರಾವಲಂಬಿಯಲ್ಲಿ ಪ್ರತಿಯೊಂದು ವರ್ಣತಂತುವಿನ ಒಂದೇ ಪ್ರತಿ ಇರುತ್ತದೆ. ಮನುಷ್ಯನಲ್ಲಾದರೆ ಒಂದು ವಂಶವಾಹಿಯ ದೋಷವನ್ನು ಅದರ ಜೊತೆಯ ಮತ್ತೊಂದು ಪ್ರತಿ ಮರೆಮಾಡಬಹುದು. ಪರಾವಲಂಬಿಯಲ್ಲಿ ಅಂತಹ ಮರೆ ಇಲ್ಲ. ಬದಲಾವಣೆ ಆದೊಡನೆ ಅದರ ಗುಣ ಹೊರಕ್ಕೆ ಕಾಣಿಸಿಕೊಳ್ಳುತ್ತದೆ. ಒಳ್ಳೆಯದಾದರೆ ಉಳಿಯುತ್ತದೆ, ಕೆಟ್ಟದಾದರೆ ಅಳಿಯುತ್ತದೆ.

ವೈವಿಧ್ಯದ ಮೂಲಗಳು

ಫಾಲ್ಸಿಪ್ಯಾರಮ್‌ನ ಸಂಪೂರ್ಣ ಜೀನೋಮನ್ನು 2002ರಲ್ಲಿ ಪ್ರಕಟಿಸಲಾಯಿತು. ಅದರಲ್ಲಿ 14 ವರ್ಣತಂತುಗಳೂ, ಸುಮಾರು 2.3 ಕೋಟಿ ಡಿಎನ್‌ಎ ಅಕ್ಷರಜೋಡಿಗಳೂ, ಸುಮಾರು 5,300 ವಂಶವಾಹಿಗಳೂ ಇವೆ. ವೈವಾಕ್ಸ್‌ನ ಜೀನೋಮ್ 2008ರಲ್ಲಿ ಪ್ರಕಟವಾಯಿತು. ಈ ಜೀವಿಗಳಲ್ಲಿ ವೈವಿಧ್ಯವು ಮುಖ್ಯವಾಗಿ ಮೂರು ಬಗೆಯಲ್ಲಿ ಉಂಟಾಗುತ್ತದೆ.

ಮೊದಲನೆಯದು ಉತ್ಪರಿವರ್ತನೆ. ಡಿಎನ್‌ಎ ನಕಲಾಗುವಾಗ ಯಾವುದೋ ಒಂದು ಅಕ್ಷರ ತಪ್ಪಾಗಿ ಬರೆಯಲ್ಪಡುವುದನ್ನು ಹೀಗೆ ಕರೆಯುತ್ತಾರೆ. ಒಂದು ನಿರ್ದಿಷ್ಟ ಅಕ್ಷರ ತಪ್ಪುವುದು ಬಹಳ ಅಪರೂಪ. ಆದರೆ ತೀವ್ರವಾಗಿ ಕಾಯಿಲೆ ಬಿದ್ದ ಒಬ್ಬ ರೋಗಿಯ ದೇಹದಲ್ಲಿ ಸಾವಿರ ಕೋಟಿಯಿಂದ ಲಕ್ಷ ಕೋಟಿಯವರೆಗೆ ಪರಾವಲಂಬಿಗಳಿರಬಹುದು. ಇಷ್ಟು ದೊಡ್ಡ ಸಂಖ್ಯೆಯಲ್ಲಿ ಅಪರೂಪದ ತಪ್ಪೂ ಎಲ್ಲೋ ಒಂದು ಕಡೆ ಆಗಿಯೇ ಆಗುತ್ತದೆ.

ಎರಡನೆಯದು ಪುನಸ್ಸಂಯೋಜನೆ. ಒಬ್ಬ ಮನುಷ್ಯನಲ್ಲಿ ಎರಡು ಬೇರೆ ಬೇರೆ ವಂಶದ ಪರಾವಲಂಬಿಗಳಿದ್ದು, ಎರಡನ್ನೂ ಒಂದೇ ಸೊಳ್ಳೆ ಹೀರಿದರೆ, ಸೊಳ್ಳೆಯ ಹೊಟ್ಟೆಯಲ್ಲಿ ಅವುಗಳ ವಂಶವಾಹಿಗಳು ಇಸ್ಪೀಟಿನ ಎಲೆಗಳನ್ನು ಕಲೆಸಿದಂತೆ ಕಲೆಯುತ್ತವೆ. ಹೀಗೆ ಹಿಂದೆಂದೂ ಇಲ್ಲದ ಜೋಡಣೆಗಳು ಹುಟ್ಟುತ್ತವೆ. ಎರಡೂ ಒಂದೇ ವಂಶದವಾಗಿದ್ದರೆ ಎಷ್ಟು ಕಲೆಸಿದರೂ ಹೊಸ ಜೋಡಣೆ ಹುಟ್ಟುವುದಿಲ್ಲ.

ಮೂರನೆಯದು ವಂಶವಾಹಿಗಳ ಪ್ರತಿಗಳ ಸಂಖ್ಯೆಯಲ್ಲಿ ಆಗುವ ಏರುಪೇರು. ಒಂದೇ ವಂಶವಾಹಿ ಎರಡು ಅಥವಾ ಮೂರು ಪ್ರತಿಗಳಾಗಿ ಹೆಚ್ಚಿದಾಗ ಅದರಿಂದ ತಯಾರಾಗುವ ಪ್ರೋಟೀನೂ ಹೆಚ್ಚುತ್ತದೆ. ಕೆಲವು ಔಷಧಗಳಿಗೆ ಪ್ರತಿರೋಧ ಬಂದಿರುವುದು ಈ ದಾರಿಯಿಂದ.

ವೈವಿಧ್ಯವು ಜೀನೋಮಿನ ಎಲ್ಲ ಭಾಗಗಳಲ್ಲಿ ಒಂದೇ ಸಮನಾಗಿಲ್ಲ. ಮನುಷ್ಯನ ರೋಗನಿರೋಧಕ ವ್ಯವಸ್ಥೆಗೆ ಎದುರಾಗುವ ಪ್ರೋಟೀನುಗಳ ವಂಶವಾಹಿಗಳಲ್ಲಿ ಅದು ಬಹಳ ಹೆಚ್ಚು. ಫಾಲ್ಸಿಪ್ಯಾರಮ್‌ನ ಪ್ರತಿ ಜೀನೋಮಿನಲ್ಲಿ ‘ವಾರ್’ ಎಂಬ ಗುಂಪಿನ ಸುಮಾರು 60 ವಂಶವಾಹಿಗಳಿವೆ. ಪರಾವಲಂಬಿಯು ಇವುಗಳಲ್ಲಿ ಒಂದನ್ನು ಬಿಟ್ಟು ಮತ್ತೊಂದನ್ನು ಬಳಸುತ್ತ, ತಾನು ಅಡಗಿರುವ ರಕ್ತಕಣದ ಹೊರಮೈಯನ್ನು ವೇಷ ಬದಲಿಸಿದಂತೆ ಬದಲಿಸುತ್ತದೆ. ಮಲೇರಿಯಾ ಹೆಚ್ಚಾಗಿರುವ ಪ್ರದೇಶದ ಮಕ್ಕಳಿಗೆ ಮತ್ತೆ ಮತ್ತೆ ಜ್ವರ ಬರಲು ಇದೊಂದು ಕಾರಣ.

ಪ್ರದೇಶದಿಂದ ಪ್ರದೇಶಕ್ಕೆ ವ್ಯತ್ಯಾಸ

ಫಾಲ್ಸಿಪ್ಯಾರಮ್ ಆಫ್ರಿಕದ ಗೊರಿಲ್ಲಾಗಳ ಪರಾವಲಂಬಿಯಿಂದ ಮನುಷ್ಯನಿಗೆ ಬಂದದ್ದೆಂದು 2010ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಇಂದಿಗೂ ಅದರ ವೈವಿಧ್ಯ ಹೆಚ್ಚಾಗಿರುವುದು ಆಫ್ರಿಕದಲ್ಲಿ. ಅಲ್ಲಿನ ಅನೇಕ ಗ್ರಾಮಗಳಲ್ಲಿ ಒಬ್ಬ ವ್ಯಕ್ತಿಯ ರಕ್ತದಲ್ಲಿ ಏಕಕಾಲಕ್ಕೆ ಹಲವು ವಂಶಗಳ ಪರಾವಲಂಬಿಗಳು ಸಿಗುವುದು ಸಾಮಾನ್ಯ. ಆಗ್ನೇಯ ಏಷ್ಯಾ ಮತ್ತು ದಕ್ಷಿಣ ಅಮೆರಿಕಗಳಲ್ಲಿ ಸೋಂಕು ವಿರಳ. ಒಬ್ಬ ರೋಗಿಯಲ್ಲಿ ಹೆಚ್ಚಾಗಿ ಒಂದೇ ವಂಶವಿರುತ್ತದೆ, ಒಳಸಂತಾನವೇ ಹೆಚ್ಚು.

ಈ ವ್ಯತ್ಯಾಸಗಳನ್ನು ತಿಳಿಯಲು ಮೊದಲು ಎಂಎಸ್‌ಪಿ1, ಎಂಎಸ್‌ಪಿ2 ಮುಂತಾದ ಕೆಲವೇ ವಂಶವಾಹಿಗಳನ್ನು ಹೋಲಿಸಿ ನೋಡಲಾಗುತ್ತಿತ್ತು. ಈಗ ಸಂಪೂರ್ಣ ಜೀನೋಮುಗಳನ್ನೇ ಓದಲಾಗುತ್ತದೆ. ಮಲೇರಿಯಾಜೆನ್ ಎಂಬ ಅಂತಾರಾಷ್ಟ್ರೀಯ ಸಹಯೋಗವು 2023ರಲ್ಲಿ ಹೊರತಂದ ಸಂಗ್ರಹದಲ್ಲಿ 33 ದೇಶಗಳ 20,000ಕ್ಕೂ ಹೆಚ್ಚು ಫಾಲ್ಸಿಪ್ಯಾರಮ್ ಮಾದರಿಗಳ ಮಾಹಿತಿ ಇದೆ.

ಪ್ರತಿರೋಧ ಹುಟ್ಟುವ ಬಗೆ

ಔಷಧವು ಪ್ರತಿರೋಧವನ್ನು ಸೃಷ್ಟಿಸುತ್ತದೆ ಎಂಬ ಮಾತು ರೂಢಿಯಲ್ಲಿದೆ. ನಿಜವಾಗಿ ಔಷಧವು ಜರಡಿಯಂತೆ ಕೆಲಸ ಮಾಡುತ್ತದೆ. ಅಸಂಖ್ಯ ಪರಾವಲಂಬಿಗಳ ನಡುವೆ ಆಕಸ್ಮಿಕವಾಗಿ ಬದಲಾವಣೆ ಹೊಂದಿದ ಒಂದೆರಡು ಮೊದಲೇ ಇರುತ್ತವೆ. ಔಷಧವು ಉಳಿದವನ್ನೆಲ್ಲ ಕೊಂದಾಗ ಅವು ಮಾತ್ರ ಉಳಿದು, ಎದುರಾಳಿಗಳಿಲ್ಲದ ರಕ್ತದಲ್ಲಿ ವೃದ್ಧಿಯಾಗುತ್ತವೆ. ಔಷಧದ ಪ್ರಮಾಣ ಕಡಿಮೆಯಾದಾಗ, ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸಿದಾಗ, ಅಥವಾ ಮಾತ್ರೆಯೇ ಕಳಪೆಯಾಗಿದ್ದಾಗ ಅರ್ಧ ಪ್ರತಿರೋಧವುಳ್ಳ ಪರಾವಲಂಬಿಗಳಿಗೂ ಪಾರಾಗುವ ಅವಕಾಶ ಸಿಗುತ್ತದೆ.

ಹೀಗೆ ಪಾರಾದದ್ದು ಮತ್ತೊಬ್ಬರಿಗೆ ಹರಡಬೇಕಾದರೆ ಅದು ಸೊಳ್ಳೆಯನ್ನು ಸೇರಿ ಅಲ್ಲಿಯೂ ಬದುಕಬೇಕು. ಅನೇಕ ಉತ್ಪರಿವರ್ತನೆಗಳು ಔಷಧದಿಂದ ಕಾಪಾಡಿದರೂ ಪರಾವಲಂಬಿಯನ್ನು ದುರ್ಬಲಗೊಳಿಸುತ್ತವೆ. ಅಟೋವಾಕ್ವೋನ್ ಎಂಬ ಔಷಧಕ್ಕೆ ಪ್ರತಿರೋಧ ರೋಗಿಯಲ್ಲಿ ಸುಲಭವಾಗಿ ಹುಟ್ಟುತ್ತದೆ. ಆದರೆ ಅಂತಹ ಪರಾವಲಂಬಿಗಳು ಸೊಳ್ಳೆಯ ಮೂಲಕ ಮುಂದಕ್ಕೆ ದಾಟಲಾರವೆಂದು 2016ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಪ್ರತಿರೋಧ ಹುಟ್ಟುವುದು ಬೇರೆ, ಹರಡುವುದು ಬೇರೆ ಎಂಬುದಕ್ಕೆ ಇದು ಉದಾಹರಣೆ.

ಕ್ಲೋರೋಕ್ವಿನ್

1934ರಲ್ಲಿ ಜರ್ಮನಿಯಲ್ಲಿ ತಯಾರಾದ ಕ್ಲೋರೋಕ್ವಿನ್ ಎರಡನೆಯ ಮಹಾಯುದ್ಧದ ನಂತರ ಜಗತ್ತಿನಾದ್ಯಂತ ಬಳಕೆಗೆ ಬಂದಿತು. ಅದು ಅಗ್ಗ ಮತ್ತು ಸುರಕ್ಷಿತವಾಗಿತ್ತು. ಪರಾವಲಂಬಿಯು ಹಿಮೋಗ್ಲೋಬಿನ್ನನ್ನು ಜೀರ್ಣಿಸಿಕೊಂಡಾಗ ಉಳಿಯುವ ಹೀಮ್ ಎಂಬ ವಸ್ತು ಅದಕ್ಕೇ ವಿಷ. ಸಾಮಾನ್ಯವಾಗಿ ಪರಾವಲಂಬಿಯು ಹೀಮನ್ನು ಹರಳುಗಟ್ಟಿಸಿ ಅಪಾಯದಿಂದ ತಪ್ಪಿಸಿಕೊಳ್ಳುತ್ತದೆ. ಕ್ಲೋರೋಕ್ವಿನ್ ಪರಾವಲಂಬಿಯ ಜೀರ್ಣಕೋಶದಲ್ಲಿ ಶೇಖರವಾಗಿ ಈ ಹರಳುಗಟ್ಟುವಿಕೆಯನ್ನು ತಡೆಯುತ್ತದೆ.

1950ರ ದಶಕದ ಕೊನೆಯಲ್ಲಿ ಎರಡು ದೂರದ ಸ್ಥಳಗಳಲ್ಲಿ, ಥಾಯ್ಲೆಂಡ್–ಕಾಂಬೋಡಿಯಾ ಗಡಿಯಲ್ಲಿ ಮತ್ತು ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ, ಈ ಔಷಧ ವಿಫಲವಾಗುತ್ತಿರುವುದು ಗೊತ್ತಾಯಿತು. ಕಾರಣವಾದ ವಂಶವಾಹಿಯನ್ನು 2000ದಲ್ಲಿ ಗುರುತಿಸಲಾಯಿತು. 7ನೆಯ ವರ್ಣತಂತುವಿನಲ್ಲಿರುವ ಇದಕ್ಕೆ ಪಿಎಫ್‌ಸಿಆರ್‌ಟಿ ಎಂದು ಹೆಸರು. ಈ ಪ್ರೋಟೀನಿನ 76ನೆಯ ಸ್ಥಾನದಲ್ಲಿ ಲೈಸಿನ್ ಇರಬೇಕಾದಲ್ಲಿ ಥ್ರಿಯೋನಿನ್ ಬಂದು, ಜೊತೆಗೆ ಬೇರೆ ಕೆಲವು ಬದಲಾವಣೆಗಳೂ ಸೇರಿದರೆ, ಅದು ಕ್ಲೋರೋಕ್ವಿನ್ನನ್ನು ಜೀರ್ಣಕೋಶದಿಂದ ಹೊರಕ್ಕೆ ಸಾಗಿಸುವ ಬಾಗಿಲಾಗುತ್ತದೆ.

ಈ ವಂಶವಾಹಿಯ ಅಕ್ಕಪಕ್ಕದ ಡಿಎನ್‌ಎಯನ್ನು ಹೋಲಿಸಿದಾಗ ಪ್ರತಿರೋಧದ ಚರಿತ್ರೆ ಹೊರಬಿದ್ದಿತು. ಉತ್ಪರಿವರ್ತನೆಯು ಎಲ್ಲೆಡೆ ಹೊಸದಾಗಿ ಹುಟ್ಟಿದ್ದರೆ ಅದರ ನೆರೆಯ ಡಿಎನ್‌ಎ ಊರೂರಿಗೆ ಬೇರೆಯಾಗಿರಬೇಕಿತ್ತು. ಆದರೆ ಆಫ್ರಿಕದ ಪ್ರತಿರೋಧಕ ಪರಾವಲಂಬಿಗಳಲ್ಲಿ ಈ ಭಾಗ ಆಗ್ನೇಯ ಏಷ್ಯಾದವುಗಳಂತೆಯೇ ಇತ್ತು. ಅಂದರೆ ಏಷ್ಯಾದಲ್ಲಿ ಹುಟ್ಟಿದ ವಂಶವೇ ಆಫ್ರಿಕಕ್ಕೆ ಹೋಗಿತ್ತು. ಅಲ್ಲಿ ಅದು 1978ರಲ್ಲಿ ಪೂರ್ವ ಆಫ್ರಿಕದಲ್ಲಿ ಮೊದಲು ಕಂಡುಬಂದು, 1980ರ ದಶಕದ ಕೊನೆಯ ಹೊತ್ತಿಗೆ ಪಶ್ಚಿಮದ ಕಡೆಗೂ ಹರಡಿತು. ಔಷಧ ಕೆಲಸ ಮಾಡದ ಕಡೆಗಳಲ್ಲಿ ಮಲೇರಿಯಾದಿಂದ ಮಕ್ಕಳ ಸಾವು ಹೆಚ್ಚಾಯಿತು.

ಮಲಾವಿಯ ಅನುಭವ

ಆಫ್ರಿಕದ ಮಲಾವಿ ದೇಶವು 1993ರಲ್ಲಿ ಕ್ಲೋರೋಕ್ವಿನ್ ಬಳಕೆಯನ್ನು ನಿಲ್ಲಿಸಿತು. ಮುಂದಿನ ವರ್ಷಗಳಲ್ಲಿ ಅಲ್ಲಿ ಪ್ರತಿರೋಧಕ ಪರಾವಲಂಬಿಗಳು ವಿರಳವಾಗುತ್ತ ಬಂದವು. 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕ್ಲೋರೋಕ್ವಿನ್ 99 ಶೇಕಡಾ ಫಲಕಾರಿಯಾಗಿತ್ತು. ಪ್ರತಿರೋಧಕ ಪರಾವಲಂಬಿಗಳು ಮರಳಿ ಹಳೆಯ ರೂಪಕ್ಕೆ ತಿರುಗಿದ್ದರಿಂದ ಹೀಗಾಗಲಿಲ್ಲ. ಪ್ರತಿರೋಧದ ಕಾಲದಲ್ಲಿಯೂ ಮರೆಯಲ್ಲಿ ಉಳಿದಿದ್ದ ವೈವಿಧ್ಯಮಯವಾದ ಸಾಧಾರಣ ಪರಾವಲಂಬಿಗಳು, ಔಷಧದ ಒತ್ತಡ ತಪ್ಪಿದೊಡನೆ ಮತ್ತೆ ಮೇಲುಗೈ ಪಡೆದವು. ವೈವಿಧ್ಯವು ಪ್ರತಿರೋಧಕ್ಕೆ ಮೂಲವಾಗಿರುವಂತೆಯೇ ಔಷಧದ ಶಕ್ತಿ ಮರಳುವುದಕ್ಕೂ ದಾರಿಯಾಗಬಲ್ಲದೆಂದು ಇದರಿಂದ ತಿಳಿಯುತ್ತದೆ. ಆದರೆ ಇದು ಎಲ್ಲೆಡೆ ನಡೆಯಲಿಲ್ಲ. ಸಾಧಾರಣ ಪರಾವಲಂಬಿಗಳು ಪೂರ್ತಿಯಾಗಿ ಅಳಿದಿದ್ದ ಕಡೆ ಮರಳಿ ಬರಲು ಏನೂ ಉಳಿದಿರಲಿಲ್ಲ.

ಸಲ್ಫಾಡಾಕ್ಸಿನ್–ಪೈರಿಮೆಥಮಿನ್ ಮತ್ತು ಮೆಫ್ಲೋಕ್ವಿನ್

ಕ್ಲೋರೋಕ್ವಿನ್ ಸೋತ ಕಡೆಗಳಲ್ಲಿ ಸಲ್ಫಾಡಾಕ್ಸಿನ್ ಮತ್ತು ಪೈರಿಮೆಥಮಿನ್‌ಗಳ ಜೋಡಿಯನ್ನು ಕೊಡಲಾಯಿತು. ಇವು ಪರಾವಲಂಬಿಯು ಫೋಲೇಟ್ ತಯಾರಿಸಿಕೊಳ್ಳುವುದನ್ನು ತಡೆಯುತ್ತವೆ. ಇವುಗಳಿಗೆ ಪ್ರತಿರೋಧ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಡಿಹೆಚ್‌ಎಫ್‌ಆರ್ ಎಂಬ ವಂಶವಾಹಿಯಲ್ಲಿ ಸಾಮಾನ್ಯವಾಗಿ ಮೊದಲು 108ನೆಯ ಸ್ಥಾನ, ಅನಂತರ 51 ಮತ್ತು 59, ಕೊನೆಗೆ 164ನೆಯ ಸ್ಥಾನ ಬದಲಾಗುತ್ತವೆ. ಪ್ರತಿ ಮೆಟ್ಟಿಲಿನಲ್ಲಿ ಔಷಧದ ಹಿಡಿತ ಸಡಿಲವಾಗುತ್ತದೆ. ಡಿಹೆಚ್‌ಪಿಎಸ್ ಎಂಬ ಇನ್ನೊಂದು ವಂಶವಾಹಿಯ ಬದಲಾವಣೆಗಳು ಸಲ್ಫಾಡಾಕ್ಸಿನ್ನನ್ನು ನಿಷ್ಫಲಗೊಳಿಸುತ್ತವೆ. ಆಫ್ರಿಕದಲ್ಲಿ ಹರಡಿದ, ಮೂರು ಬದಲಾವಣೆಗಳುಳ್ಳ ಡಿಹೆಚ್‌ಎಫ್‌ಆರ್ ರೂಪವೂ ಆಗ್ನೇಯ ಏಷ್ಯಾದಿಂದ ಬಂದದ್ದೆಂದು 2004ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಕ್ಲೋರೋಕ್ವಿನ್‌ನ ಕಥೆಯೇ ಪುನರಾವರ್ತನೆಯಾಗಿತ್ತು.

ಥಾಯ್ಲೆಂಡಿನಲ್ಲಿ 1984ರಲ್ಲಿ ಬಳಕೆಗೆ ತಂದ ಮೆಫ್ಲೋಕ್ವಿನ್ ಕೂಡ ಹತ್ತು ವರ್ಷ ತುಂಬುವ ಮೊದಲೇ ಅಲ್ಲಿನ ಗಡಿಭಾಗಗಳಲ್ಲಿ ಸೋಲತೊಡಗಿತು. ಇಲ್ಲಿ ಕಾರಣ ಎಂಡಿಆರ್1 ಎಂಬ ವಂಶವಾಹಿಯ ಪ್ರತಿಗಳು ಹೆಚ್ಚಾದದ್ದು.

ಆರ್ಟೆಮಿಸಿನಿನ್

ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1967ರ ಮೇ 23ರಂದು, ಚೀನಾ ಸರ್ಕಾರವು ಹೊಸ ಮಲೇರಿಯಾ ಔಷಧವನ್ನು ಹುಡುಕಲು ‘523 ಯೋಜನೆ’ಯನ್ನು ಆರಂಭಿಸಿತು. ಅದರಲ್ಲಿ ತೊಡಗಿದ್ದ ತು ಯೂಯೂ ಮತ್ತು ಸಂಗಡಿಗರು ಆರ್ಟೆಮಿಸಿಯಾ ಆನುವಾ ಎಂಬ ಗಿಡದಿಂದ ಆರ್ಟೆಮಿಸಿನಿನ್ನನ್ನು ಬೇರ್ಪಡಿಸಿದರು. ಈ ಕಾರ್ಯಕ್ಕಾಗಿ ಆಕೆಗೆ 2015ರ ನೊಬೆಲ್ ಪ್ರಶಸ್ತಿ ಬಂದಿತು. ಈ ವರ್ಗದ ಔಷಧಗಳು ಒಂದು 48 ಗಂಟೆಯ ಆವೃತ್ತಿಯಲ್ಲಿ ಪರಾವಲಂಬಿಗಳ ಸಂಖ್ಯೆಯನ್ನು ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲಿಗೆ ಇಳಿಸಬಲ್ಲವು. ಆದರೆ ಇವು ದೇಹದಲ್ಲಿ ಕೆಲವೇ ಗಂಟೆ ಇರುತ್ತವೆ. ಆದ್ದರಿಂದ ಉಳಿದ ಪರಾವಲಂಬಿಗಳನ್ನು ಕೊಲ್ಲಲು ದೀರ್ಘಕಾಲ ರಕ್ತದಲ್ಲಿರುವ ಇನ್ನೊಂದು ಔಷಧವನ್ನು ಜೊತೆಗೆ ಕೊಡಬೇಕಾಗುತ್ತದೆ. ಇದಕ್ಕೆ ಆರ್ಟೆಮಿಸಿನಿನ್ ಆಧಾರಿತ ಸಂಯುಕ್ತ ಚಿಕಿತ್ಸೆ ಎಂದು ಹೆಸರು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು 2001ರಲ್ಲಿ ಶಿಫಾರಸು ಮಾಡಿತು; 2006ರಲ್ಲಿ ಆರ್ಟೆಮಿಸಿನಿನ್ ಮಾತ್ರೆಗಳನ್ನು ಒಂಟಿಯಾಗಿ ಕೊಡುವುದನ್ನು ನಿಲ್ಲಿಸಬೇಕೆಂದು ಕರೆಕೊಟ್ಟಿತು.

2008 ಮತ್ತು 2009ರಲ್ಲಿ ಪಶ್ಚಿಮ ಕಾಂಬೋಡಿಯಾದಿಂದ ಆತಂಕದ ವರದಿಗಳು ಬಂದವು. ಅಲ್ಲಿನ ರೋಗಿಗಳ ರಕ್ತದಿಂದ ಪರಾವಲಂಬಿಗಳು ಮಾಯವಾಗಲು ಹೆಚ್ಚು ಕಾಲ ಹಿಡಿಯುತ್ತಿತ್ತು. ಔಷಧವು ಪೂರ್ತಿ ವಿಫಲವಾಗದೆ ನಿಧಾನವಾಗುವ ಈ ಸ್ಥಿತಿಯನ್ನು ‘ಭಾಗಶಃ ಪ್ರತಿರೋಧ’ ಎನ್ನಲಾಗುತ್ತದೆ. ಇದರ ಗುರುತು 13ನೆಯ ವರ್ಣತಂತುವಿನ ‘ಕೆಲ್ಚ್13’ ವಂಶವಾಹಿಯಲ್ಲಿದೆ ಎಂದು 2014ರಲ್ಲಿ ಪ್ರಕಟವಾಯಿತು. ಆರ್ಟೆಮಿಸಿನಿನ್ ಚುರುಕಾಗುವುದು ಹಿಮೋಗ್ಲೋಬಿನ್ ಜೀರ್ಣವಾದಾಗ ಹೊರಬರುವ ಹೀಮ್‌ನಿಂದ. ಕೆಲ್ಚ್13 ಬದಲಾದ ಪರಾವಲಂಬಿಗಳು ಎಳೆಯ ಹಂತದಲ್ಲಿ ಹಿಮೋಗ್ಲೋಬಿನ್ನನ್ನು ಕಡಿಮೆ ಒಳತೆಗೆದುಕೊಂಡು, ಔಷಧ ಚುರುಕಾಗುವುದನ್ನೇ ತಗ್ಗಿಸುತ್ತವೆ.

ಮೊದಮೊದಲು ಆಗ್ನೇಯ ಏಷ್ಯಾದಲ್ಲಿ ಹಲವು ಬಗೆಯ ಕೆಲ್ಚ್13 ಬದಲಾವಣೆಗಳು ಬೇರೆ ಬೇರೆಯಾಗಿ ಹುಟ್ಟಿದವು. ಕ್ರಮೇಣ ಅವುಗಳಲ್ಲಿ ಒಂದು, 580ನೆಯ ಸ್ಥಾನದಲ್ಲಿ ಸಿಸ್ಟೀನ್ ಹೋಗಿ ಟೈರೋಸಿನ್ ಬಂದ ಸಿ580ವೈ ಎಂಬ ರೂಪ, ಮುಂದಾಯಿತು. ಈ ವಂಶವು ಜೊತೆಯ ಔಷಧವಾದ ಪೈಪೆರಾಕ್ವಿನ್‌ಗೂ ಪ್ರತಿರೋಧವನ್ನು ಗಳಿಸಿಕೊಂಡು, ಕಾಂಬೋಡಿಯಾದಿಂದ ಈಶಾನ್ಯ ಥಾಯ್ಲೆಂಡ್, ದಕ್ಷಿಣ ಲಾವೋಸ್ ಮತ್ತು ವಿಯೆಟ್ನಾಂಗಳಿಗೆ ಹರಡಿ, ಅಲ್ಲಿದ್ದ ಇತರ ವಂಶಗಳನ್ನು ಹಿಂದಕ್ಕೆ ತಳ್ಳಿತು. ಕಾಂಬೋಡಿಯಾ, ಥಾಯ್ಲೆಂಡ್, ವಿಯೆಟ್ನಾಂಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈ ಸಂಯುಕ್ತ ಚಿಕಿತ್ಸೆ ಅರ್ಧದಷ್ಟು ರೋಗಿಗಳಲ್ಲಿ ಮಾತ್ರ ಫಲಕೊಟ್ಟಿತು. ಅನಂತರ ಔಷಧ ಜೋಡಿಯನ್ನು ಬದಲಿಸಲಾಯಿತು. ಪತ್ತೆ ಮತ್ತು ಚಿಕಿತ್ಸೆಯನ್ನು ಹಳ್ಳಿಗಳಿಗೆ ಒಯ್ದುದರಿಂದ ಆ ಪ್ರದೇಶದಲ್ಲಿ ಫಾಲ್ಸಿಪ್ಯಾರಮ್ ಪ್ರಕರಣಗಳು ಬಹಳವಾಗಿ ಇಳಿದವು.

ಆಫ್ರಿಕದಲ್ಲಿ ಸ್ವತಂತ್ರ ಉಗಮ

ಹಿಂದಿನಂತೆ ಪ್ರತಿರೋಧಕ ವಂಶ ಏಷ್ಯಾದಿಂದ ಆಫ್ರಿಕಕ್ಕೆ ಬಂದೀತೆಂಬ ಭಯದಿಂದ ಮೇಕಾಂಗ್ ಪ್ರದೇಶದ ಮೇಲೆ ಕಣ್ಣಿಡಲಾಗಿತ್ತು. ಆದರೆ ಈ ಬಾರಿ ಅದು ಆಫ್ರಿಕದಲ್ಲಿಯೇ ಹುಟ್ಟಿತು. 2020ರಲ್ಲಿ ರುವಾಂಡಾದಿಂದ ಆರ್561ಹೆಚ್ ಎಂಬ ಬದಲಾವಣೆ ವರದಿಯಾಯಿತು. ಅದರ ನೆರೆಯ ಡಿಎನ್‌ಎ ಏಷ್ಯಾದ್ದನ್ನು ಹೋಲದೆ ಆಫ್ರಿಕದ ಪರಾವಲಂಬಿಗಳದ್ದನ್ನೇ ಹೋಲುತ್ತಿತ್ತು. 2021ರಲ್ಲಿ ಉತ್ತರ ಉಗಾಂಡಾದಿಂದ ಎ675ವಿ ಮತ್ತು ಸಿ469ವೈ ಬದಲಾವಣೆಗಳು ವರದಿಯಾದವು. ಆಫ್ರಿಕದ ಕೊಂಬಿನ ಎರಿಟ್ರಿಯಾ, ಇಥಿಯೋಪಿಯಾಗಳಿಂದ ಆರ್622ಐ ಬದಲಾವಣೆಯೂ ವರದಿಯಾಗಿದೆ. ಒಂದೇ ಗಡಿಯನ್ನು ಕಾಯ್ದರೆ ಸಾಲದು, ಔಷಧ ಬಳಕೆಯಿರುವ ಪ್ರತಿಯೊಂದು ದೇಶದಲ್ಲಿಯೂ ಪರೀಕ್ಷೆ ನಡೆಯಬೇಕೆಂಬುದು ಇದರಿಂದ ಸ್ಪಷ್ಟವಾಯಿತು.

ಆಫ್ರಿಕದಲ್ಲಿ ಜೊತೆಯ ಔಷಧಗಳು, ಮುಖ್ಯವಾಗಿ ಲ್ಯೂಮೆಫಾಂಟ್ರಿನ್, ಬಹುಮಟ್ಟಿಗೆ ಇನ್ನೂ ಕೆಲಸ ಮಾಡುತ್ತಿರುವುದರಿಂದ ಹೆಚ್ಚಿನ ರೋಗಿಗಳು ಗುಣವಾಗುತ್ತಿದ್ದಾರೆ. ಆದರೆ ಆರ್ಟೆಮಿಸಿನಿನ್ ನಿಧಾನವಾದಾಗ ಹೆಚ್ಚು ಪರಾವಲಂಬಿಗಳನ್ನು ಕೊಲ್ಲುವ ಹೊರೆ ಜೊತೆಯ ಔಷಧದ ಮೇಲೆ ಬೀಳುತ್ತದೆ. ಅದಕ್ಕೂ ಪ್ರತಿರೋಧ ಹುಟ್ಟುವ ಸಂಭವ ಹೆಚ್ಚುತ್ತದೆ.

ಸೋಂಕು ಕಡಿಮೆಯಿರುವಲ್ಲಿ ಪ್ರತಿರೋಧ ಮೇಲೇಳಲು ಕಾರಣಗಳು

ಜಗತ್ತಿನ ಮಲೇರಿಯಾದಲ್ಲಿ ಸಣ್ಣ ಪಾಲನ್ನಷ್ಟೇ ಹೊಂದಿರುವ ಆಗ್ನೇಯ ಏಷ್ಯಾದಲ್ಲಿ ಒಂದರ ಹಿಂದೊಂದು ಔಷಧಕ್ಕೆ ಪ್ರತಿರೋಧ ಮೇಲೆದ್ದದ್ದು ಮೇಲ್ನೋಟಕ್ಕೆ ವಿಚಿತ್ರವೆನಿಸುತ್ತದೆ. ಇದಕ್ಕೆ ಸಾಮಾನ್ಯವಾಗಿ ಈ ಕಾರಣಗಳನ್ನು ಕೊಡಲಾಗುತ್ತದೆ.

1. ಸೋಂಕು ವಿರಳವಾಗಿರುವ ಕಡೆ ಜನರಲ್ಲಿ ರೋಗನಿರೋಧಕ ಶಕ್ತಿ ಕಡಿಮೆ. ಸೋಂಕು ತಗುಲಿದವರು ಹೆಚ್ಚಾಗಿ ಕಾಯಿಲೆ ಬಿದ್ದು ಔಷಧ ತೆಗೆದುಕೊಳ್ಳುತ್ತಾರೆ. ಆದ್ದರಿಂದ ಪರಾವಲಂಬಿಗಳ ದೊಡ್ಡ ಪಾಲು ಔಷಧವೆಂಬ ಜರಡಿಯನ್ನು ಹಾಯಬೇಕಾಗುತ್ತದೆ. ಆಫ್ರಿಕದಲ್ಲಿ ಅನೇಕ ವಯಸ್ಕರು ಜ್ವರವಿಲ್ಲದೆ ಪರಾವಲಂಬಿಗಳನ್ನು ಹೊತ್ತಿರುತ್ತಾರೆ. ಅವುಗಳಿಗೆ ಔಷಧ ಎದುರಾಗುವುದೇ ಇಲ್ಲ.

2. ಒಬ್ಬನಲ್ಲಿ ಹಲವು ವಂಶಗಳಿರುವಲ್ಲಿ ಅವು ಪರಸ್ಪರ ಸ್ಪರ್ಧಿಸುತ್ತವೆ. ಔಷಧವಿಲ್ಲದಾಗ ಪ್ರತಿರೋಧಕ ವಂಶ ದುರ್ಬಲವಾಗಿದ್ದರೆ ಸೋಲುತ್ತದೆ.

3. ಹಲವು ಬದಲಾವಣೆಗಳು ಒಟ್ಟಿಗೆ ಇದ್ದಾಗ ಮಾತ್ರ ಬರುವ ಪ್ರತಿರೋಧವು ವಂಶಗಳು ಹೆಚ್ಚು ಕಲೆತಾಗ ಚದುರಿಹೋಗುತ್ತದೆ. ಒಳಸಂತಾನವಿರುವಲ್ಲಿ ಅದು ಕೆಡದೆ ಮುಂದಿನ ಪೀಳಿಗೆಗೆ ಸಾಗುತ್ತದೆ.

4. ಆ ಪ್ರದೇಶದಲ್ಲಿ ಔಷಧಗಳು ಬಹುಕಾಲದಿಂದ ಮುಕ್ತವಾಗಿ, ಕೆಲವೊಮ್ಮೆ ಒಂಟಿಯಾಗಿ ಮತ್ತು ಕಳಪೆ ಗುಣಮಟ್ಟದಲ್ಲಿ ಮಾರಾಟವಾಗಿವೆ. ಕಾಂಬೋಡಿಯಾದ ಪೈಲಿನ್ ಪ್ರದೇಶದ ರತ್ನದ ಗಣಿಗಳಿಗೆ ಬಂದುಹೋಗುತ್ತಿದ್ದ ಕೂಲಿಗಳು ಪರಾವಲಂಬಿಗಳನ್ನು ದೂರಕ್ಕೆ ಒಯ್ದರು.

ಇವು ಒಲವನ್ನು ತೋರಿಸುವ ಕಾರಣಗಳೇ ಹೊರತು ಅಚಲ ನಿಯಮಗಳಲ್ಲ. ಸೋಂಕು ಹೆಚ್ಚಾಗಿರುವ ಉಗಾಂಡಾದಲ್ಲಿಯೂ ಕೆಲ್ಚ್13 ಬದಲಾವಣೆಗಳು ಹುಟ್ಟಿ ಹರಡಿರುವುದು ಇದನ್ನು ನೆನಪಿಸುತ್ತದೆ.

ವೈವಾಕ್ಸ್ ಪ್ರಭೇದ

ವೈವಾಕ್ಸ್‌ನ ಆನುವಂಶಿಕ ವೈವಿಧ್ಯವು ಫಾಲ್ಸಿಪ್ಯಾರಮ್‌ಗಿಂತ ಹೆಚ್ಚೆಂದು ಜೀನೋಮ್ ಅಧ್ಯಯನಗಳು ತೋರಿಸಿವೆ. ಇದರ ಕೆಲವು ರೂಪಗಳು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ನಿದ್ರಾವಸ್ಥೆಯಲ್ಲಿದ್ದು ಮತ್ತೆ ಜ್ವರ ತರುತ್ತವೆ. ವೈವಾಕ್ಸ್‌ನಲ್ಲಿ ಕ್ಲೋರೋಕ್ವಿನ್ ಪ್ರತಿರೋಧ 1989ರಲ್ಲಿ ಪಾಪುವ ನ್ಯೂಗಿನಿಯಿಂದ ಮೊದಲು ವರದಿಯಾಯಿತು. ಅನೇಕ ದೇಶಗಳಲ್ಲಿ ಇಂದಿಗೂ ಕ್ಲೋರೋಕ್ವಿನ್ ಈ ಪ್ರಭೇದದ ಮೇಲೆ ಕೆಲಸ ಮಾಡುತ್ತದೆ. ಇದನ್ನು ಪ್ರಯೋಗಾಲಯದಲ್ಲಿ ನಿರಂತರವಾಗಿ ಬೆಳೆಸಲು ಆಗದಿರುವುದರಿಂದ ಇದರ ಪ್ರತಿರೋಧದ ಅಧ್ಯಯನ ಹಿಂದುಳಿದಿದೆ. ಜ್ವರ ಮರುಕಳಿಸಿದಾಗ ಅದು ಔಷಧದ ಸೋಲೋ, ನಿದ್ರೆಯಿಂದೆದ್ದ ಪರಾವಲಂಬಿಯೋ, ಹೊಸ ಸೋಂಕೋ ಎಂದು ಹೇಳುವುದೂ ಕಷ್ಟ.

ಭಾರತದಲ್ಲಿ

ಭಾರತದಲ್ಲಿ ಫಾಲ್ಸಿಪ್ಯಾರಮ್ ಮತ್ತು ವೈವಾಕ್ಸ್ ಎರಡೂ ವ್ಯಾಪಕವಾಗಿವೆ. ಕ್ಲೋರೋಕ್ವಿನ್‌ಗೆ ಫಾಲ್ಸಿಪ್ಯಾರಮ್‌ನ ಪ್ರತಿರೋಧವು ಮೊದಲು 1973ರಲ್ಲಿ ಅಸ್ಸಾಮಿನ ಕಾರ್ಬಿ ಆಂಗ್ಲಾಂಗ್ ಜಿಲ್ಲೆಯಿಂದ ವರದಿಯಾಯಿತು. ದೇಶದ ಹೆಚ್ಚಿನ ಭಾಗದಲ್ಲಿ ಕಂಡುಬರುವ ಪಿಎಫ್‌ಸಿಆರ್‌ಟಿ ರೂಪವು ಪಾಪುವ ನ್ಯೂಗಿನಿಯಲ್ಲಿ ಇರುವ ರೂಪವನ್ನು ಹೋಲುತ್ತದೆ. ಈಶಾನ್ಯದಲ್ಲಿ ಆಗ್ನೇಯ ಏಷ್ಯಾದ ರೂಪವೂ ಸಿಗುತ್ತದೆ.

2010ರಿಂದ ದೇಶದಾದ್ಯಂತ ಫಾಲ್ಸಿಪ್ಯಾರಮ್ ಚಿಕಿತ್ಸೆಗೆ ಆರ್ಟಿಸುನೇಟ್ ಮತ್ತು ಸಲ್ಫಾಡಾಕ್ಸಿನ್–ಪೈರಿಮೆಥಮಿನ್ ಸಂಯುಕ್ತವನ್ನು ನಿಗದಿಪಡಿಸಲಾಯಿತು. ಈಶಾನ್ಯ ರಾಜ್ಯಗಳಲ್ಲಿ ಜೊತೆಯ ಔಷಧ ವಿಫಲವಾಗುತ್ತಿದ್ದುದರಿಂದ 2013ರಲ್ಲಿ ಅಲ್ಲಿಗೆ ಆರ್ಟಿಮೀಥರ್–ಲ್ಯೂಮೆಫಾಂಟ್ರಿನ್ ಸಂಯುಕ್ತವನ್ನು ಶಿಫಾರಸು ಮಾಡಲಾಯಿತು. ಪರಾವಲಂಬಿಯ ಆನುವಂಶಿಕ ವ್ಯತ್ಯಾಸವನ್ನು ಅನುಸರಿಸಿ ಒಂದೇ ದೇಶದಲ್ಲಿ ಎರಡು ಔಷಧ ನೀತಿಗಳು ಬಂದದ್ದಕ್ಕೆ ಇದು ನಿದರ್ಶನ. ವೈವಾಕ್ಸ್‌ಗೆ ಕ್ಲೋರೋಕ್ವಿನ್ ಮತ್ತು 14 ದಿನಗಳ ಪ್ರಿಮಾಕ್ವಿನ್ ಕೊಡಲಾಗುತ್ತದೆ.

ಕರ್ನಾಟಕದಲ್ಲಿ 1990ರ ದಶಕದಿಂದ ಮಂಗಳೂರು ನಗರವು ಮಲೇರಿಯಾಕ್ಕೆ ಹೆಸರಾಗಿತ್ತು. ಅಲ್ಲಿನ ಪ್ರಕರಣಗಳಲ್ಲಿ ವೈವಾಕ್ಸ್ ಹೆಚ್ಚು. ಕಟ್ಟಡ ಕಾಮಗಾರಿಗೆ ಬೇರೆ ಬೇರೆ ರಾಜ್ಯಗಳಿಂದ ಕಾರ್ಮಿಕರು ಬರುವ ಇಂತಹ ನಗರಗಳಲ್ಲಿ ದೂರದ ಊರುಗಳ ಪರಾವಲಂಬಿಗಳು ಒಂದೆಡೆ ಸೇರುವ ಅವಕಾಶವಿರುತ್ತದೆ.

ಲಸಿಕೆ ಮತ್ತು ಪತ್ತೆ ಪರೀಕ್ಷೆಗಳ ಮೇಲೆ ಪರಿಣಾಮ

ವೈವಿಧ್ಯದ ಪರಿಣಾಮ ಔಷಧಗಳಿಗೆ ಸೀಮಿತವಲ್ಲ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಆರ್‌ಟಿಎಸ್,ಎಸ್ ಲಸಿಕೆಯು ಪರಾವಲಂಬಿಯ ಒಂದೇ ವಂಶದ ಪ್ರೋಟೀನನ್ನು ಆಧರಿಸಿದೆ. 5ರಿಂದ 17 ತಿಂಗಳ ಮಕ್ಕಳಲ್ಲಿ ಮೊದಲ ವರ್ಷ ಇದರ ರಕ್ಷಣೆಯು ಆ ವಂಶವನ್ನು ಹೋಲುವ ಪರಾವಲಂಬಿಗಳ ವಿರುದ್ಧ ಸುಮಾರು 50 ಶೇಕಡಾ, ಹೋಲದವುಗಳ ವಿರುದ್ಧ ಸುಮಾರು 33 ಶೇಕಡಾ ಇತ್ತೆಂದು 2015ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿತು.

ಬೆರಳಿನ ಹನಿ ರಕ್ತದಿಂದ ಮಾಡುವ ಕ್ಷಿಪ್ರ ಪರೀಕ್ಷೆಗಳಲ್ಲಿ ಹೆಚ್ಚಿನವು ಹೆಚ್‌ಆರ್‌ಪಿ2 ಎಂಬ ಪ್ರೋಟೀನನ್ನು ಹುಡುಕುತ್ತವೆ. ಈ ವಂಶವಾಹಿಯನ್ನೇ ಕಳೆದುಕೊಂಡ ಪರಾವಲಂಬಿಗಳು 2010ರಲ್ಲಿ ಪೆರುವಿನಿಂದ ವರದಿಯಾದವು. ಅನಂತರ ಎರಿಟ್ರಿಯಾ ಮುಂತಾದ ಕಡೆಗಳಲ್ಲಿಯೂ ಸಿಕ್ಕವು. ಇಂತಹ ಸೋಂಕಿನಲ್ಲಿ ರೋಗವಿದ್ದರೂ ಪರೀಕ್ಷೆಯು ಇಲ್ಲವೆಂದು ತೋರಿಸಬಹುದು. ಎರಿಟ್ರಿಯಾದಲ್ಲಿ ಪರೀಕ್ಷೆಗೆ ಸಿಗದ ಗುಣವೂ ಔಷಧಕ್ಕೆ ಬಗ್ಗದ ಗುಣವೂ ಒಂದೇ ಪರಾವಲಂಬಿಯಲ್ಲಿ ಕಂಡುಬಂದಿವೆ.

ಪತ್ತೆ ಮತ್ತು ತಡೆ

ಪ್ರತಿರೋಧವನ್ನು ಮೂರು ವಿಧಗಳಲ್ಲಿ ಪತ್ತೆ ಮಾಡಲಾಗುತ್ತದೆ. ಮೊದಲನೆಯದು, ಚಿಕಿತ್ಸೆ ಪಡೆದ ರೋಗಿಗಳನ್ನು 28 ಅಥವಾ 42 ದಿನ ಗಮನಿಸುವುದು. ಈ ಅವಧಿಯಲ್ಲಿ ಪರಾವಲಂಬಿ ಮತ್ತೆ ಕಾಣಿಸಿದರೆ ಅದು ಹಳೆಯದೋ ಹೊಸ ಸೊಳ್ಳೆಕಡಿತದ್ದೋ ಎಂದು ಎರಡು ಮಾದರಿಗಳ ಡಿಎನ್‌ಎ ಹೋಲಿಸಿ ನಿರ್ಧರಿಸುತ್ತಾರೆ. ಇಲ್ಲಿ ಆನುವಂಶಿಕ ವೈವಿಧ್ಯವೇ ಬೆರಳಚ್ಚಿನಂತೆ ನೆರವಾಗುತ್ತದೆ. ಎರಡನೆಯದು, ಪ್ರಯೋಗಾಲಯದಲ್ಲಿ ಪರಾವಲಂಬಿಯನ್ನು ಔಷಧಕ್ಕೆ ಒಡ್ಡಿ ನೋಡುವುದು. ಮೂರನೆಯದು, ಪಿಎಫ್‌ಸಿಆರ್‌ಟಿ, ಕೆಲ್ಚ್13 ಮುಂತಾದ ವಂಶವಾಹಿಗಳಲ್ಲಿ ಗುರುತುಗಳನ್ನು ಹುಡುಕುವುದು. ಕಾಗದದ ಮೇಲೆ ಒಣಗಿಸಿದ ಒಂದೆರಡು ಹನಿ ರಕ್ತವೂ ಇದಕ್ಕೆ ಸಾಕು. ಔಷಧ ಸೋಲುವ ಮೊದಲೇ ಎಚ್ಚರಿಕೆ ಕೊಡುವುದು ಈ ವಿಧಾನದ ವಿಶೇಷ.

ಸಂಯುಕ್ತ ಚಿಕಿತ್ಸೆಯ ಹಿಂದೆ ಸರಳವಾದ ಲೆಕ್ಕವಿದೆ. ಒಂದು ಔಷಧಕ್ಕೆ ಪ್ರತಿರೋಧವುಳ್ಳ ಪರಾವಲಂಬಿ ನೂರು ಕೋಟಿಯಲ್ಲಿ ಒಂದು, ಮತ್ತೊಂದಕ್ಕೂ ನೂರು ಕೋಟಿಯಲ್ಲಿ ಒಂದು ಇದೆ ಎಂದು ಭಾವಿಸಿದರೆ, ಎರಡಕ್ಕೂ ಏಕಕಾಲದಲ್ಲಿ ಪ್ರತಿರೋಧವುಳ್ಳದ್ದು ನೂರು ಕೋಟಿಯನ್ನು ನೂರು ಕೋಟಿಯಿಂದ ಗುಣಿಸಿದಷ್ಟರಲ್ಲಿ ಒಂದು. ಇದು ಒಬ್ಬ ರೋಗಿಯ ದೇಹದಲ್ಲಿರಬಹುದಾದ ಪರಾವಲಂಬಿಗಳ ಸಂಖ್ಯೆಗಿಂತ ಎಷ್ಟೋ ದೊಡ್ಡದು. ಎರಡರಲ್ಲಿ ಒಂದು ಔಷಧ ಈಗಾಗಲೇ ಸೋತಿದ್ದರೆ ಈ ರಕ್ಷಣೆ ಇಲ್ಲವಾಗುತ್ತದೆ. ಆರ್ಟೆಮಿಸಿನಿನ್ ಮಾತ್ರೆಗಳ ಒಂಟಿ ಮಾರಾಟವನ್ನು ಭಾರತವೂ ಸೇರಿದಂತೆ ಹಲವು ದೇಶಗಳು ನಿಷೇಧಿಸಿದ್ದು ಈ ಕಾರಣದಿಂದ.

2022ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆಫ್ರಿಕದಲ್ಲಿ ಔಷಧ ಪ್ರತಿರೋಧವನ್ನು ಎದುರಿಸುವ ಕಾರ್ಯನೀತಿಯನ್ನು ಪ್ರಕಟಿಸಿತು. ಒಂದೇ ಸಂಯುಕ್ತವನ್ನು ನೆಚ್ಚದೆ ಹಲವನ್ನು ಬಳಸುವುದು, ಮೂರು ಔಷಧಗಳನ್ನು ಒಟ್ಟಿಗೆ ಕೊಡುವುದು, ಸೊಳ್ಳೆಗೆ ದಾಟುವ ರೂಪಗಳನ್ನು ಕೊಲ್ಲಲು ಒಂದು ಸಣ್ಣ ಪ್ರಮಾಣದ ಪ್ರಿಮಾಕ್ವಿನ್ ಸೇರಿಸುವುದು ಮುಂತಾದ ಕ್ರಮಗಳು ಬಳಕೆಯಲ್ಲಿ ಅಥವಾ ಪರಿಶೀಲನೆಯಲ್ಲಿವೆ. ಗಾನಾಪ್ಲಾಸೈಡ್ ಎಂಬ ಹೊಸ ವರ್ಗದ ಔಷಧವನ್ನು ಲ್ಯೂಮೆಫಾಂಟ್ರಿನ್ ಜೊತೆ ಸೇರಿಸಿ ಮಾನವ ಪ್ರಯೋಗಗಳು ನಡೆದಿವೆ.

ರೋಗಿಯ ಮಟ್ಟದಲ್ಲಿ ಮುಖ್ಯವಾದ ಕ್ರಮಗಳು ಸರಳವಾಗಿವೆ: ಜ್ವರ ಬಂದಾಗ ರಕ್ತ ಪರೀಕ್ಷೆ ಮಾಡಿಸುವುದು, ಮಲೇರಿಯಾ ಖಚಿತವಾದ ಮೇಲೆ ವೈದ್ಯರು ಹೇಳಿದ ಔಷಧವನ್ನಷ್ಟೇ ತೆಗೆದುಕೊಳ್ಳುವುದು, ಜ್ವರ ಇಳಿದರೂ ಮಾತ್ರೆಗಳನ್ನು ಕೊನೆಯವರೆಗೆ ನುಂಗುವುದು, ಸೊಳ್ಳೆಪರದೆ ಬಳಸುವುದು. ಸೊಳ್ಳೆ ಕಡಿತವನ್ನು ತಪ್ಪಿಸಿದಾಗ ತಪ್ಪುವುದು ಒಬ್ಬರ ಜ್ವರ ಮಾತ್ರವಲ್ಲ. ಪರಾವಲಂಬಿಯ ಹೊಸ ವಂಶಗಳು ಹುಟ್ಟುವುದಕ್ಕೂ ಹರಡುವುದಕ್ಕೂ ಬೇಕಾದ ದಾರಿಯೂ ಅಷ್ಟರಮಟ್ಟಿಗೆ ಮುಚ್ಚುತ್ತದೆ.